ವೆನ್ಬಾ ಗೇಮ್ ರಿವ್ಯೂ: ಇಡ್ಲಿ ತಟ್ಟೆ ಜೋಡಿಸೋಕೆ ಅಮ್ಮನ್ನ ಕರೀಬೇಕಾಯ್ತು

ಮೊದ್ಲೇ ಹೇಳ್ಬಿಡ್ತೀನಿ, ಇದು ಹೊಸಾ ಗೇಮಲ್ಲ. ವೆನ್ಬಾ ರಿಲೀಸ್ ಆಗಿದ್ದು 2023ರ ಜುಲೈ 31ಕ್ಕೆ, ನಾನು ತಗೊಂಡಿದ್ದು ಮೊನ್ನೆ ಮೊನ್ನೆ ಸೇಲಲ್ಲಿ. ಬಂದ ಹೊಸದ್ರಲ್ಲೇ ಫ್ರೆಂಡ್ ಒಬ್ಬ ಆಡು ಮಗಾ ಆಡು ಮಗಾ ಅಂತ ತಲೆ ತಿಂತಿದ್ದ, ನಾನು ತಗೊಳಣ ಅನ್ಕೊಳೋ ಹೊತ್ತಿಗೆ ಸರಿಯಾಗಿ ಸೆಪ್ಟೆಂಬರ್ ಬಂತು, ಕಾವೇರಿ ಗಲಾಟೆ ಜೋರಾಯ್ತು, ಮೊದ್ಲು ಮಂಡ್ಯ ಬಂದ್ ಆಯ್ತು ಆಮೇಲೆ 29ನೇ ತಾರೀಖು ಕರ್ನಾಟಕ ಬಂದ್, ನಮ್ ಸೋದರಮಾವ ಅಲ್ಲಿ ಮಂಡ್ಯದಲ್ಲಿ ಹಸಿರು ಟವಲ್ ಹಾಕ್ಕೊಂಡು ರೋಡಲ್ಲಿ ಕೂತಿರೋವಾಗ ನಾನು ಮೈಸೂರಲ್ಲಿ ಫ್ಯಾನ್ ಕೆಳಗೆ ಕೂತು ತಮಿಳ್ ಹೆಂಗಸು ಇಡ್ಲಿ ಮಾಡೋ ಗೇಮ್ ಆಡ್ತಿದೀನಿ ಅಂತ ಗೊತ್ತಾಗಿದ್ರೆ ನನ್ನ ಹಬ್ಬಕ್ಕೂ ಕರೀತಿರಲಿಲ್ಲ. ಹಂಗಾಗಿ ಆಮೇಲ್ ನೋಡಣ ಅಂತ ಬಿಟ್ಟಿದ್ದು, ಬಿಟ್ಟಿದ್ದು ಬಿಟ್ಟಂಗೇ ಆಯ್ತು.

ಈಗ ಯಾಕೆ ಇಷ್ಟುದ್ದ ಬರೀತಿದೀನಿ ಅಂದ್ರೆ, ಗೇಮಲ್ಲಿ ಒಳ್ಳೆ ಕತೆ ಅಂದ್ರೆ ಏನು ಅನ್ನೋ ವಿಷ್ಯಕ್ಕೆ ನಮ್ ಗ್ಯಾಂಗಲ್ಲಿ ಕಾಲೇಜ್ ದಿನದಿಂದ ಜಗಳ ಇದೆ. ಒಬ್ಬ ಅಂತಾನೆ ಸಿನಿಮಾ ಥರ ಇರ್ಬೇಕು, ಆಕ್ಟಿಂಗು ಮ್ಯೂಸಿಕ್ಕು ಕ್ಯಾಮೆರಾ ಎಲ್ಲಾ ಹಂಗೇ ಇರ್ಬೇಕು ಅಂತ. ಇನ್ನೊಬ್ಬ ಅಂತಾನೆ ನೀನು ಏನ್ ಆರಿಸ್ಕೊಂಡ್ಯೋ ಅದ್ರ ಮೇಲೆ ಕತೆ ಬದಲಾಗ್ಬೇಕು, ಇಲ್ದಿದ್ರೆ ಅದು ಗೇಮೇ ಅಲ್ಲ ಅಂತ. ನಾನು ಇಬ್ರಿಗೂ ಹೂಂ ಅಂತಿದ್ದೆ. ಈ ಗೇಮಲ್ಲಿ ಸಿನಿಮಾ ಥರ ಸೀನೂ ಇಲ್ಲ, ಏನ್ ಆರಿಸಿದ್ರೂ ಕತೆ ದೊಡ್ಡದಾಗಿ ಬದಲಾಗೋದೂ ಇಲ್ಲ, ಆದ್ರೂ ಮೂರು ದಿನ ತಲೆಯಿಂದ ಇಳೀಲಿಲ್ಲ.

ಗೇಮ್ ಏನು ಅಂತ ಹೇಳ್ತೀನಿ. ಕೆನಡಾದ ಟೊರಾಂಟೋದಲ್ಲಿರೋ ವಿಸೈ ಗೇಮ್ಸ್ ಅನ್ನೋ ಚಿಕ್ಕ ಟೀಮು ಮಾಡಿರೋದು. ಕತೆ ಶುರುವಾಗೋದು 1988ರಲ್ಲಿ, ತಮಿಳುನಾಡಿಂದ ಕೆನಡಾಕ್ಕೆ ಹೋದ ವೆನ್ಬಾ ಅಂತ ಒಬ್ಳು, ಅವಳ ಗಂಡ ಪಾವಲನ್, ಆಮೇಲೆ ಹುಟ್ಟೋ ಮಗ ಕವಿನ್. ಅಷ್ಟೇ ಜನ. ಫೈಟಿಲ್ಲ, ಓಡೋದಿಲ್ಲ, ಗನ್ನಿಲ್ಲ. ಒಂದೊಂದ್ ಅಧ್ಯಾಯಕ್ಕೂ ಒಂದಷ್ಟು ವರ್ಷ ಮುಂದಕ್ಕೆ ಹಾರುತ್ತೆ, ಅಲ್ಲೊಂದು ಅಡುಗೆ ಮಾಡ್ಬೇಕು, ಮಧ್ಯೆ ಮಾತುಕತೆ. ಹೆಸರಿನ ಬಗ್ಗೆ ಒಂದ್ ಮಾತು, ವೆಣ್ಬಾ ಅನ್ನೋದು ತಮಿಳಿನ ಹಳೇ ಛಂದಸ್ಸು, ನಮ್ಮಲ್ಲಿ ಮಗಳಿಗೆ ಷಟ್ಪದಿ ಅಂತ ಹೆಸರಿಟ್ಟಂಗೆ. ರಗಳೆ ಅಂತಾನೂ ಇಡಬಹುದಿತ್ತು, ನಮ್ಮಕ್ಕನಿಗಂತೂ ಸರಿ ಹೊಂದ್ತಿತ್ತು.

ವೆನ್ಬಾಗೆ ಅವಳಮ್ಮ ಕೊಟ್ಟ ಒಂದು ಅಡುಗೆ ಪುಸ್ತಕ ಇದೆ. ಊರು ಬಿಟ್ಟು ಬರೋವಾಗ ತಂದಿರೋದು, ಅಲ್ಲಲ್ಲಿ ಹರಿದಿದೆ, ಅಲ್ಲಲ್ಲಿ ಅಳಿಸೋಗಿದೆ. ಅಂದ್ರೆ ಹೆಂಗ್ ಮಾಡ್ಬೇಕು ಅಂತ ಅರ್ಧ ಗೊತ್ತಿರುತ್ತೆ, ಉಳಿದಿದ್ದು ನಾವೇ ತಲೆ ಓಡಿಸಿ ಕಂಡುಹಿಡೀಬೇಕು. ಗೇಮ್ ಅಂದ್ರೆ ಇಷ್ಟೇ, ಹರಿದೋಗಿರೋ ಜಾಗ ತುಂಬೋದು. ಪೇಪರ್ ಮೇಲೆ ಕೇಳಿದ್ರೆ ಇದೇನ್ ಗುರು ಮಕ್ಕಳಾಟ ಅನ್ಸುತ್ತೆ, ನನಗೂ ಅನ್ಸಿತ್ತು.

ಮೊದಲ್ನೇ ಅಡುಗೆ ಇಡ್ಲಿ. ಪಾತ್ರೆಗೆ ನೀರು ಹಾಕು, ತಟ್ಟೆ ಮೇಲೆ ಬಟ್ಟೆ ಹಾಸು, ಹಿಟ್ಟು ಹುಯ್ಯಿ, ತಟ್ಟೆ ಒಂದರ ಮೇಲೊಂದು ಜೋಡಿಸು. ಈ ಜೋಡಿಸೋದ್ರಲ್ಲೇ ಒಗಟು ಇರೋದು, ಪುಸ್ತಕದಲ್ಲಿ ಆ ಜಾಗ ಸರಿಯಾಗಿ ಕಾಣ್ಸಲ್ಲ. ನಾನು ಇಂಜಿನಿಯರಿಂಗ್ ಓದಿದೋನು, ಹುಟ್ಟಿದಾಗಿಂದ ಇಡ್ಲಿ ತಿಂತಿರೋನು, ಆದ್ರೆ ಇಡ್ಲಿ ಪಾತ್ರೆ ಒಳಗೆ ಇಣುಕಿ ನೋಡಿದೋನಲ್ಲ. ಎರಡು ಸಲ ತಪ್ಪು ಮಾಡ್ದೆ. ಅಮ್ಮ ಹಿಂದೆ ಸೋಫಾದಲ್ಲಿ ಅವರೇಕಾಯಿ ಸುಲೀತಾ ಕೂತಿದ್ರು, ಲ್ಯಾಪ್‌ಟಾಪನ್ನ ಟಿವಿಗೆ ಹಾಕಿದ್ದೆ, ಹಂಗಾಗಿ ಅವ್ರಿಗೂ ಕಾಣ್ತಿತ್ತು. ಸೀರಿಯಲ್ ಹಾಕೋ ಟೈಮಲ್ಲಿ ಟಿವಿ ಹಿಡ್ಕೊಂಡಿದ್ದಕ್ಕೆ ಮೊದ್ಲೇ ಕೋಪ ಇತ್ತು ಅವ್ರಿಗೆ.

"ಅದ್ಯಾಕ್ಲಾ ಹಂಗೆ ನೇರಕ್ಕೆ ಇಟ್ಟಿದೀಯ?" ಅಂದ್ರು. ನಾನು ಏನಮ್ಮ ಅಂದೆ. "ಮೇಲಿನ್ ತಟ್ಟೆ ಕುಳಿ ಕೆಳಗಿನ್ ಇಡ್ಲಿ ಮ್ಯಾಲೆ ಬಂದ್ ಕೂತ್ಕಂಡ್ರೆ ಇಡ್ಲಿ ಉಬ್ಬಾದಾದ್ರೂ ಎಲ್ಲಿಗೆ? ತೂತ ಅದ್ರ ಮ್ಯಾಲ್ ಬರಂಗೆ ಓರೆ ಮಾಡಿ ಇಡು, ಹಬೆ ಹೋಗ್ಬ್ಯಾಡ್ವಾ?"

ಇಷ್ಟ್ ವರ್ಷ ನಮ್ಮನೆ ಅಡುಗೆಮನೇಲಿ ಇರೋ ಇಡ್ಲಿ ಸ್ಟ್ಯಾಂಡಲ್ಲೇ, ಕಣ್ಣೆದುರಿಗೇ ಉತ್ತರ ಇತ್ತು, ನಾನು ನೋಡಿರ್ಲಿಲ್ಲ. ನಾನು ಮೌಸ್ ಅವ್ರ್ ಕೈಗೆ ಕೊಟ್ಟೆ. ಅಮ್ಮ ಜೀವನದಲ್ಲಿ ಮೌಸ್ ಹಿಡ್ದೋರಲ್ಲ, ಮೊಬೈಲಲ್ಲಿ ಬೆರಳಲ್ಲಿ ಒತ್ತಿ ಅಭ್ಯಾಸ, ಮೊದ್ಲು ಟಿವಿ ಹತ್ರಾನೇ ಎದ್ದೋಗಿ ಮುಟ್ಟೋಕ್ ಹೋದ್ರು. ಆಮೇಲೆ ಕೂತು ಹಿಡ್ಕೊಂಡ್ರು, ಸೊಪ್ಪು ಸೋಸೋವಾಗ ಮೊರ ಹಿಡ್ಯೋ ಥರ ಪೂರ್ತಿ ಅಂಗೈ ಮುಚ್ಚಿ. ಬಳೆ ಟೀಪಾಯಿ ಅಂಚಿಗೆ ತಾಗಿ ಟಕ್ ಟಕ್ ಅನ್ನೋದು. ಹಿಟ್ಟಿನ ಸೌಟು ಎತ್ಕೊಂಡು ಕುಳಿ ಹತ್ರ ತಂದು ಹುಯ್ಯೋವಾಗ, ನಿಜ್ವಾಗ್ಲೂ ಹೇಳ್ತೀನಿ, ಮೌಸ್ ಹಿಡಿದಿರೋ ಮಣಿಕಟ್ಟನ್ನ ಓರೆ ಮಾಡಿದ್ರು. ಸೌಟು ಬಗ್ಗಿಸೋಕೆ. ಮೌಸ್ ಓರೆ ಮಾಡಿದ್ರೆ ಏನೂ ಆಗಲ್ಲ ಅಂತ ಹೇಳೋಕ್ ಮನಸ್ ಬರ್ಲಿಲ್ಲ. ಕಂಪ್ಲೇಂಟ್ ಮಾತ್ರ ನಿಲ್ಲಿಸ್ಲಿಲ್ಲ, ಉದ್ದು ನೆನೆಹಾಕೋದಿಲ್ವಾ, ರುಬ್ಬೋದಿಲ್ವಾ, ಹಿಟ್ಟು ಎಲ್ಲಿಂದ ಬಂತು, ಆ ಚಳಿ ದೇಶದಲ್ಲಿ ಹುಳಿ ಬರಾದಾದ್ರೂ ಹೆಂಗೆ. ಈ ಕೊನೇ ಪ್ರಶ್ನೆ ಒಳ್ಳೇದೇ, ಅಕ್ಕ ಅಮೆರಿಕದಿಂದ ಫೋನ್ ಮಾಡಿ ಇದನ್ನೇ ಅಳ್ತಾಳೆ, ಹಿಟ್ಟು ಓವನ್ ಒಳಗೆ ಲೈಟ್ ಹಾಕಿ ಇಡ್ತಾಳಂತೆ.

ಇಲ್ಲಿ ನನಗೆ ವಿಷ್ಯ ಹೊಳೀತು. ಆ ಇಡ್ಲಿ ಮಾಡೋದ್ರ ಹಿಂದೆ ಕತೆ ಏನಿದೆ ಅಂದ್ರೆ, ವೆನ್ಬಾಗೆ ಬೆಳಗ್ಗೆಯಿಂದ ಮೈ ಸರಿ ಇಲ್ಲ, ಗಂಡ ಕೆಲಸಕ್ಕೆ ಹೊರಡಬೇಕು, ಡಬ್ಬಿಗೆ ಏನಾದ್ರೂ ಹಾಕ್ಬೇಕು, ಈ ದೇಶದಲ್ಲಿ ಇರ್ಬೇಕಾ ವಾಪಸ್ ಹೋಗ್ಬೇಕಾ ಅನ್ನೋ ಯೋಚ್ನೆ ಬೇರೆ. ಇದನ್ನ ಸಿನಿಮಾದಲ್ಲಿ ತೋರಿಸಿದ್ರೆ ಎರಡು ನಿಮಿಷದ ಸೀನು, ಪಾಪ ಅಂದ್ಕೊಂಡು ಸುಮ್ನಾಗ್ತೀವಿ. ಗೇಮಲ್ಲಿ ಅವಳ ಅಮ್ಮನ ಪುಸ್ತಕ ಅಳಿಸೋಗಿದೆ, ಕೇಳೋಣ ಅಂದ್ರೆ ಅಮ್ಮ ಪಕ್ಕದಲ್ಲಿಲ್ಲ, ಆ ತೊಂದ್ರೆ ಅವಳದ್ದಲ್ಲ, ನಮ್ಮದು, ಯಾಕಂದ್ರೆ ತಟ್ಟೆ ನಾವು ಜೋಡಿಸ್ಬೇಕು. ನನಗೆ ಗೊತ್ತಾಗ್ಲಿಲ್ಲ, ನಾನು ನಮ್ಮಮ್ಮನ್ನ ಕೇಳ್ದೆ. ವೆನ್ಬಾಗೆ ಕೇಳೋಕೆ ಯಾರೂ ಇರ್ಲಿಲ್ಲ. ಈ ವ್ಯತ್ಯಾಸ ಡೈಲಾಗಲ್ಲಿ ಎಲ್ಲೂ ಬರಲ್ಲ, ಆದ್ರೂ ಕತೆ ಅಂದ್ರೆ ಅದೇ. ಕೈಯಲ್ಲಿ ಕತೆ ನಡೀಬೇಕು. ಕಣ್ಣಲ್ಲಿ ನೋಡೋದು ಕಿವೀಲಿ ಕೇಳೋದು ಸಿನಿಮಾದಲ್ಲೂ ಆಗುತ್ತೆ, ಅದಕ್ಕೆ ಕಂಟ್ರೋಲರ್ ಯಾಕ್ ಬೇಕು?

ನಾವು ಬೆಳೆದಿದ್ದೇ ಉಲ್ಟಾ ಅಭ್ಯಾಸದಲ್ಲಿ. ಸ್ಕೂಲ್ ಟೈಮಲ್ಲಿ ಸರಸ್ವತಿಪುರಂ ಕಡೆ ಒಂದು ಸೈಬರ್ ಸೆಂಟರಿತ್ತು, ಹಲಗೆ ಹೊಡ್ದು ಗೂಡು ಗೂಡು ಮಾಡಿದ್ರು, ಗಂಟೆ ಲೆಕ್ಕದಲ್ಲಿ ದುಡ್ಡು, ಎಲ್ಲಾ ಸಿಸ್ಟಮಲ್ಲೂ ವೈಸ್ ಸಿಟಿ. 2002ರ ಗೇಮ್ ಅದು, ಕತೆ ನಡೆಯೋದು 1986ರಲ್ಲಿ, ಟಾಮಿ ವರ್ಸೆಟ್ಟಿ ಅನ್ನೋನು ಜೈಲಿಂದ ಬಂದು ಕಳ್ಕೊಂಡ ದುಡ್ಡು ಹುಡ್ಕೋ ಕತೆ. ಇದು ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದಮೇಲೆ! ಅಲ್ಲೀವರೆಗೂ ಮಾತು ಶುರುವಾದ ತಕ್ಷಣ ಬಟನ್ ಒತ್ತಿ ಹಾರಿಸ್ತಿದ್ವಿ, ಗಂಟೆ ದುಡ್ಡು ಓಡ್ತಿದೆಯಲ್ಲ, ಮಾತು ಕೇಳ್ಕೊಂಡ್ ಕೂರೋಕೆ ಯಾರಪ್ಪನ್ ದುಡ್ಡು. ಇಂಗ್ಲಿಷೂ ಅರ್ಥ ಆಗ್ತಿರಲಿಲ್ಲ ಅನ್ನೋದು ಬೇರೆ. ನಮ್ಗೆ ಕತೆ ಅಂದ್ರೆ ಟ್ಯಾಂಕ್ ತರಿಸೋ ಚೀಟ್ ಕೋಡ್ ಹೊಡ್ದು ಬ್ರಿಜ್ ಮೇಲೆ ನಿಂತಾಗ ಪಕ್ಕದ ಗೂಡಿನವನು ಇಣುಕಿ ನೋಡಿ ಹೆಂಗ್ ಮಾಡ್ದೋ ಅಂದಿದ್ದು. ಹಾರಿಸಿದ್ರೂ ಗೇಮ್ ಆಡೋಕ್ ಏನೂ ತೊಂದ್ರೆ ಆಗ್ಲಿಲ್ಲ ಅಂದ್ರೆ, ಆ ಕತೆ ಗೇಮಿಗೆ ಎಷ್ಟು ಅಂಟ್ಕೊಂಡಿತ್ತು ಅಂತ ಯೋಚ್ನೆ ಮಾಡಿ. ಇದನ್ನ ಹೇಳಿದ್ರೆ ನಮ್ ಗ್ಯಾಂಗಿನ ಸಿನಿಮಾ ಪಾರ್ಟಿ ಜಗಳಕ್ ಬರ್ತಾನೆ. ಬರ್ಲಿ.

ದುಡ್ಡು ಸುರಿದು ಮಾಡಿದ ಗೇಮಲ್ಲೂ ಈ ರೋಗ ಇದೆ. 2013ರ ಟೂಂಬ್ ರೈಡರ್ ನೆನಪಿದೆಯಾ, ಅದ್ರ ಹೀರೋಯಿನ್ ಲಾರಾ ಮೊದಲ್ನೇ ಸಲ ಒಬ್ಬನ್ನ ಸಾಯಿಸಿ ನಡುಗ್ತಾಳೆ, ವಾಂತಿ ಬರೋ ಹಂಗಾಗುತ್ತೆ, ನಮ್ಗೂ ಅಯ್ಯೋ ಅನ್ಸುತ್ತೆ, ಸ್ವಲ್ಪ ಹೊತ್ತಿಗೆ ನಾವೇ ಅದೇ ಹುಡುಗಿ ಕೈಲಿ ಸಾಲಾಗಿ ತಲೆಗೆ ಬಾಣ ಬಿಡಿಸ್ತಿರ್ತೀವಿ, ಗೇಮು ಅದಕ್ಕೆ ಪಾಯಿಂಟ್ ಕೊಡ್ತಿರುತ್ತೆ. ಸೀನ್ ಒಂದು ಹೇಳುತ್ತೆ ಕೈ ಒಂದು ಮಾಡುತ್ತೆ. ಹರಿಕತೆ ದಾಸರು ಅಹಿಂಸೆ ಬಗ್ಗೆ ಹೇಳ್ತಾ ಹೇಳ್ತಾ ಸೊಳ್ಳೆ ಹೊಡ್ದಂಗೆ.

ಹಂಗಂತ ದೊಡ್ಡ ಗೇಮಲ್ಲಿ ಆಗೋದೇ ಇಲ್ಲ ಅಂತಲ್ಲ. 2018ರ ರೆಡ್ ಡೆಡ್ ರಿಡೆಂಪ್ಷನ್ 2 ಆಡದೇ ಇರೋರು ಮುಂದಿನ ನಾಲ್ಕು ಸಾಲು ಬಿಟ್ಬಿಡಿ. 1899ರ ಅಮೆರಿಕ, ಆರ್ಥರ್ ಮೋರ್ಗನ್ ಕಳ್ಳರ ಗುಂಪಿನವನು. ಶುರೂನಲ್ಲೇ ಬಡ್ಡಿ ಸಾಲ ವಸೂಲಿ ಮಾಡೋ ಕೆಲಸ ಬರುತ್ತೆ, ಒಬ್ಬ ಸೀಕಲ ರೈತನ್ನ ಅವನ ಹೆಂಡ್ತಿ ಮಗನ ಎದುರಿಗೇ ಹೊಡೀಬೇಕು. ಹೊಡೆಯೋ ಬಟನ್ ಒತ್ತೋದು ನಾವೇ. ಅವನು ಕೆಮ್ತಾನೆ, ಆರ್ಥರ್ ಮುಖಕ್ಕೆ ಎಂಜಲು ಹಾರುತ್ತೆ, ನಾವು ಒರೆಸ್ಕೊಂಡು ಮುಂದಿನ ಮಿಷನ್‌ಗೆ ಹೋಗ್ತೀವಿ, ಮರ್ತೂ ಬಿಡ್ತೀವಿ. ಎಷ್ಟೋ ಗಂಟೆ ಆಡಿದ್ಮೇಲೆ ಡಾಕ್ಟ್ರು ಆರ್ಥರ್‌ಗೆ ಕ್ಷಯ ಅಂತ ಹೇಳಿದಾಗ ಆ ಬಟನ್ ನೆನಪಾಗುತ್ತೆ. ನಾನಂತೂ ಕಂಟ್ರೋಲರ್ ಕೆಳಗಿಟ್ಟು ಬಾಲ್ಕನಿಗೆ ಹೋಗಿ ನಿಂತ್ಕೊಂಡೆ. ಅಲ್ಲಿ ಆಪ್ಷನ್ ಇತ್ತಾ ಅಂದ್ರೆ ಇರ್ಲಿಲ್ಲ, ಮಿಷನ್ ಮುಗೀಬೇಕು ಅಂದ್ರೆ ಹೊಡೀಲೇಬೇಕು. ಆದ್ರೂ ನಾನೇ ಹೊಡೆದಿದ್ದು ತಾನೇ. ಆರಿಸ್ಕೊಳೋ ಅವಕಾಶ ಇದ್ರೇನೇ ಕತೆ ಅನ್ನೋ ಎರಡ್ನೇ ಪಾರ್ಟಿಗೆ ನಾನು ಯಾವಾಗ್ಲೂ ಇದನ್ನೇ ಎತ್ತಿ ತೋರಿಸೋದು.

ಆದ್ರೆ ನನ್ನ ಪ್ರಕಾರ ಈ ವಿಷ್ಯದಲ್ಲಿ ಮೇಷ್ಟ್ರು ಅಂದ್ರೆ ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್. 2013ರದ್ದು, ಜೋಸೆಫ್ ಫಾರೆಸ್ ಅನ್ನೋರು ಡೈರೆಕ್ಟ್ ಮಾಡಿದ್ದು. ಕಾಯಿಲೆ ಬಿದ್ದ ಅಪ್ಪನಿಗೆ ಔಷಧಿ ತರೋಕೆ ಅಣ್ಣ ತಮ್ಮ ಹೊರಡ್ತಾರೆ. ಒಂದೇ ಕಂಟ್ರೋಲರು, ಎಡಗೈ ಸ್ಟಿಕ್ ಅಣ್ಣಂದು ಬಲಗೈ ಸ್ಟಿಕ್ ತಮ್ಮಂದು. ಅವರಾಡೋ ಭಾಷೆ ಯಾವ ದೇಶದ್ದೂ ಅಲ್ಲ, ಸುಮ್ನೆ ಗೊಣಗಾಟ, ಹಂಗಾಗಿ ಇಂಗ್ಲಿಷ್ ಬರ್ದಿರೋನಿಗೂ ಬರೋನಿಗೂ ಒಂದೇ. ತಮ್ಮನಿಗೆ ನೀರು ಕಂಡ್ರೆ ಭಯ, ಯಾಕಂದ್ರೆ ಅಮ್ಮ ನೀರಲ್ಲಿ ಮುಳುಗಿ ಸತ್ತಿದಾಳೆ, ನೀರು ಬಂದಾಗೆಲ್ಲಾ ಅಣ್ಣನ ಬೆನ್ನು ಹಿಡ್ಕೊಂಡೇ ದಾಟ್ತಾನೆ. ಕೊನೇಲಿ ಅಣ್ಣ ಇರಲ್ಲ, ತಮ್ಮ ಒಬ್ನೇ ನೀರಿನ ಮುಂದೆ ನಿಂತಿರ್ತಾನೆ. ಅವನ ಬಟನ್ ಒತ್ತಿದ್ರೆ ಮುಂದೆ ಹೋಗಲ್ಲ. ನಾನು ಗೇಮ್ ಹ್ಯಾಂಗ್ ಆಯ್ತು ಅಂತಾನೇ ಅಂದ್ಕೊಂಡಿದ್ದೆ, ಯಾಕಂದ್ರೆ ನನ್ ಕಂಟ್ರೋಲರು ಮೊದ್ಲೇ ಡಕೋಟ, ಆನ್‌ಲೈನಲ್ಲಿ ತಗೊಂಡು ಆರು ತಿಂಗಳಿಗೇ ಸ್ಟಿಕ್ಕು ತಾನಾಗೇ ಒಂದ್ ಕಡೆ ಎಳೆಯೋಕೆ ಶುರುವಾಗಿತ್ತು, ವಾಪಸ್ ಕಳಿಸ್ತೀನಿ ಅಂದ್ರೆ ವಾರಂಟಿ ಮುಗ್ದಿದೆ ಅಂದ್ರು. ಸುಮ್ನೆ ಎಲ್ಲಾ ಬಟನ್ ಒತ್ತಿ ನೋಡೋವಾಗ ಎಡಗಡೆ, ಅಣ್ಣನ ಬಟನ್ ಒತ್ತಿದ್ದೆ. ಹುಡುಗ ಈಜಿದ.

ಇದನ್ನ ಸಿನಿಮಾದಲ್ಲಿ ತೋರಿಸೋಕ್ ಆಗಲ್ಲ, ಕಾದಂಬರೀಲಿ ಬರೆಯೋಕೂ ಆಗಲ್ಲ, ನನ್ನ ಎಡಗೈ ಹೆಬ್ಬೆರಳಿಗೆ ಮಾತ್ರ ಗೊತ್ತು.

ಇಷ್ಟೆಲ್ಲಾ ಹೇಳಿದ್ದು ವೆನ್ಬಾ ಇದೇ ಜಾತಿದು ಅಂತ ತೋರಿಸೋಕೆ. ಅದ್ರಲ್ಲಿ ಒಂದು ಜಾಗ ಇದೆ, ಪೂರ್ತಿ ಹೇಳಲ್ಲ. ಮಗ ದೊಡ್ಡವನಾಗಿರ್ತಾನೆ. ಚಿಕ್ಕವನಿದ್ದಾಗ ಮನೇಲಿ ತಮಿಳಲ್ಲಿ ಮಾತಾಡಿಸಿದ್ರೆ ಇಂಗ್ಲಿಷಲ್ಲೇ ಉತ್ರ ಕೊಟ್ಕೊಂಡು ಬೆಳೆದೋನು. ಮುಂದೆ ಒಂದ್ ದಿನ ಅದೇ ಅಜ್ಜಿ ಪುಸ್ತಕ ಅವನ ಕೈಗೆ ಬರುತ್ತೆ, ಆಗ ನಾವು ಆಡೋದು ಅವನಾಗಿ. ಅವನಿಗೆ ತಮಿಳು ಓದೋಕೆ ಸರಿಯಾಗಿ ಬರಲ್ಲ. ಇಲ್ಲೀವರೆಗೂ ಕಾಗದ ಹರಿದಿದ್ದಕ್ಕೆ ಅರ್ಥ ಆಗ್ತಿರಲಿಲ್ಲ, ಈಗ ಕಾಗದ ಇದ್ರೂ ಅರ್ಥ ಆಗಲ್ಲ. ಅದೇ ಆಟ, ಅದೇ ಒಗಟು, ತೂತು ಬಿದ್ದಿರೋ ಜಾಗ ಮಾತ್ರ ಬೇರೆ. ಇದನ್ನ ಯೋಚ್ನೆ ಮಾಡಿದೋರಿಗೆ ಕೈ ಮುಗೀಬೇಕು. ಮಗ ಮಾತೃಭಾಷೆ ಮರ್ತ ಅಂತ ಅರ್ಧ ಗಂಟೆ ಭಾಷಣ ಹೊಡೀಬಹುದಿತ್ತು, ನಮ್ಮಲ್ಲಿ ನವೆಂಬರ್ ಬಂದ್ರೆ ಆರ್ಕೆಸ್ಟ್ರಾ ಸ್ಟೇಜ್ ಮೇಲೆ ಅದನ್ನೇ ತಾನೇ ಮಾಡೋದು. ಇಲ್ಲಿ ಭಾಷಣ ಇಲ್ಲ, ಒಂದು ಪದ ಗೊತ್ತಾಗ್ದೆ ಪಾತ್ರೆ ಮುಂದೆ ನಿಂತ್ಕೊತೀವಿ ಅಷ್ಟೆ.

ನಮ್ಮಕ್ಕನ ಮಗನಿಗೆ ಈಗ ಒಂಬತ್ತು ವರ್ಷ. ಭಾನುವಾರ ವಿಡಿಯೋ ಕಾಲ್ ಮಾಡ್ತಾರೆ, ಹಾಯ್ ಅಜ್ಜಿ ಅಂತಾನೆ, ಊಟ ಆಯ್ತಾ ಪುಟ್ಟ ಅಂದ್ರೆ ಎಸ್ ಅಂತಾನೆ, ಏನ್ ಊಟ ಅಂದ್ರೆ ಮಮ್ಮಿ ಅಂತ ಕೂಗಿ ಓಡೋಗ್ತಾನೆ. ಅಮ್ಮ ಖಾಲಿ ಸೋಫಾ ನೋಡ್ಕೊಂಡು ಕೂತಿರ್ತಾರೆ, ಅಕ್ಕ ಬರೋವರೆಗೂ. ಅದನ್ನ ವಾರ ವಾರ ನೋಡ್ತೀನಿ ನಾನು, ಅಂತದ್ದೇನೂ ಅನ್ಸಿರ್ಲಿಲ್ಲ.

ಮಗ ಮನೆಗೆ ಬರ್ತಾನೆ ಅಂತ ವೆನ್ಬಾ ಅಡುಗೆ ಮೇಲೆ ಅಡುಗೆ ಮಾಡೋ ಒಂದು ಭಾಗ ಬರುತ್ತೆ. ಒಂದು ಪಾತ್ರೆ ಅಲ್ಲ, ಸುಮಾರು. ಅಮ್ಮ ಅಷ್ಟೊತ್ತಿಗೆ ಅವರೇಕಾಯಿ ಪಕ್ಕಕ್ಕಿಟ್ಟಿದ್ರು. ನಾನು ಏನೋ ಒಂದು ಅಡುಗೆ ಮುಗ್ಸಿ ಅಬ್ಬಾ ಅನ್ನೋದ್ರೊಳಗೆ ಇನ್ನೊಂದು, ಅದಾದ್ಮೇಲೆ ಇನ್ನೊಂದು. ಕೈ ನೋಯುತ್ತೆ ಅನ್ನೋ ಹಂಗೇನಿಲ್ಲ, ಆದ್ರೆ ಸಾಕಪ್ಪಾ ಅನ್ಸೋಷ್ಟು ಆಗುತ್ತೆ, ಬೇಕಂತಾನೇ ಹಂಗ್ ಮಾಡಿದಾರೆ. ಅಮ್ಮ ಸುಮ್ನೆ ನೋಡ್ತಿದ್ರು. ಆಮೇಲೆ "ಬತ್ತಾನೋ ಇಲ್ವೋ ಅಂತ ಒಂದ್ ಮಾತು ಫೋನ್ ಮಾಡಿ ಕೇಳ್ಕಂಡು ಮಾಡ್ಬಾರ್ದಾ ಈಯಮ್ಮ" ಅಂದ್ರು. ಇದನ್ನ ಹೇಳ್ತಿರೋದು ಯಾರು ಅಂದ್ರೆ, ನಾನು ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದಾಗ ಶನಿವಾರ ಬಂದ್ರೆ ಬರಬೋದು ಅಂದಿದ್ದಕ್ಕೇ ನಾಟಿ ಕೋಳಿ ತರ್ಸಿ ಮಸಾಲೆ ಅರೆದಿಟ್ಕೊಂಡು ಕೂತಿರ್ತಿದ್ದ ಮಹಾತಾಯಿ. ನಾನು ಟಿವಿ ಕಡೇನೇ ನೋಡ್ಕೊಂಡು ಹೂಂ ಅಂದೆ.

ಸರಿ, ಬೈಯ್ಯೋದೂ ಇದೆ, ಬೈತೀನಿ.

ಬಲೇ ಚಿಕ್ಕದು ಗೇಮು. ಒಂದೂವರೆ ಗಂಟೆ, ನಿಧಾನಕ್ಕೆ ಆಡಿದ್ರೆ ಎರಡು. ಪೂರ್ತಿ ರೇಟ್ ಕೊಟ್ಟು ತಗೊಂಡೋರಿಗೆ ಹೊಟ್ಟೆ ಉರಿಯುತ್ತೆ, ನಂಗೆ ಸೇಲಲ್ಲಿ ಸಿಕ್ತು ಹಂಗಾಗಿ ಬದುಕ್ದೆ. ರೇಟಿಗಿಂತ ದೊಡ್ಡ ತೊಂದ್ರೆ ಏನಂದ್ರೆ ಕತೆ ಎಗರಿ ಎಗರಿ ಹೋಗುತ್ತೆ. ಗಂಡ ಪಾವಲನ್ ಅನ್ನೋನು ಒಳ್ಳೆ ಪಾತ್ರ, ಸಾಹಿತ್ಯ ಗೀಹಿತ್ಯ ಅಂತ ಇರೋ ಮನುಷ್ಯ, ತಮಾಷೆ ಮಾಡೋನು, ಅವನ ಜೊತೆ ಇನ್ನೊಂದಷ್ಟು ಹೊತ್ತು ಕೂರೋಣ ಅನ್ನೋದ್ರೊಳಗೆ ಅಧ್ಯಾಯ ಮುಗೀತು, ವರ್ಷಗಳು ಓಡಿದ್ವು, ಏನೇನೋ ಆಯ್ತು. ಆಗಿದ್ದು ದೊಡ್ಡ ವಿಷ್ಯಾನೇ, ಆದ್ರೆ ನಮ್ ಕೈಗೆ ಸಿಕ್ಕಲಿಲ್ಲ, ಬರೀ ಸುದ್ದಿ ಥರ ಬಂತು. ಕೈಯಲ್ಲಿ ಕತೆ ನಡ್ಸೋ ಗೇಮು ತನ್ನ ಅತಿ ಭಾರದ ಜಾಗದಲ್ಲೇ ಕೈ ಬಿಟ್ಟು ಬಾಯಲ್ಲಿ ಹೇಳಿದ್ರೆ ಹೆಂಗೆ?

ಆಮೇಲೆ ಮಾತಿನ ಮಧ್ಯೆ ಎರಡು ಮೂರು ಉತ್ತರ ಕೊಟ್ಟು ಒಂದು ಆರಿಸ್ಕೋ ಅಂತಾರೆ. ಯಾವುದನ್ನ ಒತ್ತಿದ್ರೂ ಬಂಡಿ ಹೋಗೋದು ಅದೇ ಜಾಡಲ್ಲಿ. ನಂಗೆ ಕತೆ ಬದಲಾಗ್ಲೇಬೇಕು ಅಂತೇನಿಲ್ಲ, ಮೇಲೇ ಹೇಳಿದ್ದೀನಿ, ಆದ್ರೆ ಬದಲಾಗಲ್ಲ ಅಂದ್ಮೇಲೆ ಕೇಳೋದ್ಯಾಕೆ? ಮದುವೆ ಮನೇಲಿ ಬಡಿಸೋನು ಪಲ್ಯ ಹಾಕ್ಲಾ ಅಂತ ಕೇಳ್ತಾ ಕೇಳ್ತಾನೇ ಹಾಕ್ಬಿಡೋ ಥರ. ತಪ್ಪಾದ್ರೂ ಏನೂ ಆಗಲ್ಲ, ಇಡ್ಲಿ ಕೆಟ್ರೆ ಮತ್ತೆ ಮೊದಲಿಂದ ಮಾಡು ಅಂತ ಬಿಡ್ತಾರೆ. ಕೆಟ್ಟ ಇಡ್ಲೀನೇ ಗಂಡನ ಡಬ್ಬಿಗೆ ಹಾಕಿ ಕಳ್ಸೋ ಅವಕಾಶ ಇದ್ದಿದ್ರೆ ಮಜಾ ಇರ್ತಿತ್ತು, ನಿಜ್ವಾದ ಮನೆಗಳಲ್ಲಿ ಅದೇ ಆಗೋದು.

ಈ ತಪ್ಪಿನ ಬೆಲೆ ಅನ್ನೋದನ್ನ ಸರಿಯಾಗಿ ತಿಳ್ಕೊಂಡಿದ್ದು ಅಂದ್ರೆ ಪೇಪರ್ಸ್ ಪ್ಲೀಸ್. ಲೂಕಸ್ ಪೋಪ್ ಅನ್ನೋ ಒಬ್ನೇ ಮನುಷ್ಯ 2013ರಲ್ಲಿ ಮಾಡಿದ್ದು. 1982, ಆರ್ಸ್ಟೋಟ್ಸ್‌ಕಾ ಅಂತ ಇಲ್ದೇ ಇರೋ ದೇಶ, ನಾವು ಗಡೀಲಿ ಪಾಸ್‌ಪೋರ್ಟ್ ನೋಡೋ ಗುಮಾಸ್ತ. ಎಷ್ಟು ಜನರ ಕಾಗದ ನೋಡ್ತೀವೋ ಅಷ್ಟು ಸಂಬಳ, ತಪ್ಪು ಮಾಡಿದ್ರೆ ಮೊದಲೆರಡು ಸಲ ಬರೀ ಚೀಟಿ ಬರುತ್ತೆ, ಆಮೇಲೆ ದುಡ್ಡು ಕಟ್. ಸಂಜೆ ಮನೇಲಿ ಊಟಕ್ಕಾ ಚಳಿ ಕಾಯಿಸೋಕಾ ಅಂತ ಲೆಕ್ಕ. ಒಬ್ಬ ಬರ್ತಾನೆ, ಅವನ ಕಾಗದ ಎಲ್ಲಾ ಸರಿ, ಹಿಂದೆ ನನ್ ಹೆಂಡ್ತಿ ಬರ್ತಾಳೆ ಸ್ವಲ್ಪ ನೋಡ್ಕೊಳ್ಳಿ ಸ್ವಾಮಿ ಅಂತಾನೆ. ಅವಳ ಹತ್ರ ಒಂದ್ ಕಾಗದ ಇಲ್ಲ. ಬಿಡ್ತೀರಾ? ನಾನು ಮೊದಲ್ನೇ ಸಲ ಬಿಟ್ಟೆ. ಅದೇ ಥರ ಇನ್ನೊಂದೆರಡು ದಿನ ದುಡ್ಡು ಕಟ್ ಆದ್ಮೇಲೆ ಯಾರ್ ಏನ್ ಅತ್ರೂ ಮುಖ ನೋಡ್ದೇ ಸೀಲ್ ಹೊಡೆಯೋಕ್ ಶುರು ಮಾಡ್ದೆ. ಜಾತಿ ಆದಾಯ ಸರ್ಟಿಫಿಕೇಟಿಗೆ ಅಂತ ಯಾವ್ದೋ ಆಫೀಸಲ್ಲಿ ಕಿಟಕಿ ಈಚೆ ನಿಂತು ಒಳಗಿರೋನಿಗೆ ಶಾಪ ಹಾಕ್ದೋನು ನಾನೇ, ಮೂರು ಗಂಟೆ ಆಟದಲ್ಲಿ ಕಿಟಕಿ ಆಚೆ ಹೋಗಿ ಕೂತು ಅವನೇ ಆಗಿದ್ದೆ. ಯಾರೂ ನನಗೆ ಕಟುಕ ಆಗು ಅಂತ ಹೇಳಿರ್ಲಿಲ್ಲ. ವೆನ್ಬಾದಲ್ಲಿ ಈ ಹಿಡಿತ ಇಲ್ಲ, ತುಂಬಾ ಮೆತ್ತಗಿದೆ, ಆಡೋನಿಗೆ ನೋವಾಗ್ಬಾರ್ದು ಅಂತ ಹೆದರ್ಕೊಂಡು ಮಾಡಿದಂಗಿದೆ.

ಹಾಡುಗಳು ಚೆನ್ನಾಗಿವೆ. ಅಡುಗೆ ಮಾಡೋವಾಗ ರೇಡಿಯೋ ಹಾಕ್ತಾರೆ, ಆಯಾ ಕಾಲದ ತಮಿಳ್ ಸಿನಿಮಾ ಹಾಡಿನ ಧಾಟೀಲಿ ಹೊಸದಾಗಿ ಮಾಡಿರೋ ಹಾಡು ಬರುತ್ತೆ. ಒಗ್ಗರಣೆ ಸದ್ದು, ಹಬೆ ಸದ್ದು ಎಲ್ಲಾ ಹೆಡ್‌ಫೋನ್ ಹಾಕ್ಕೊಂಡ್ರೆ ಹಸಿವಾಗುತ್ತೆ. ಗೇಮಿನ ಇಂಗ್ಲಿಷ್ ಕಷ್ಟ ಏನಿಲ್ಲ, ಹೈಸ್ಕೂಲ್ ಹುಡುಗ್ರಿಗೂ ಅರ್ಥ ಆಗುತ್ತೆ. ಪ್ರಶಸ್ತಿ ಬೇರೆ ಬಂದಿದೆ, 2024ರಲ್ಲಿ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್ಲಿನ ದೊಡ್ಡ ಬಹುಮಾನ, ಅದೇ ವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತೀಲಿ ಮೊದಲ ಗೇಮ್ ಮಾಡಿದೋರಿಗೆ ಕೊಡೋದು. ಇಡ್ಲಿಗೆ ಬಾಫ್ಟಾ ಬಂತು ಅಂದ್ರೆ ಅಮ್ಮ ನಂಬ್ಲಿಲ್ಲ.

ಆಡ್ತಾ ಆಡ್ತಾ ಒಂದೇ ಹೊಟ್ಟೆಕಿಚ್ಚು ನನಗೆ. ನಮ್ಮಲ್ಲಿ ಯಾರೂ ಯಾಕೆ ಮಾಡ್ಲಿಲ್ಲ ಇಂತದ್ದು? ಮಂಡ್ಯದ ಮನೆಯೊಂದನ್ನ ಯೋಚ್ನೆ ಮಾಡಿ. ಹಿಟ್ಟು ತೊಳಸೋದು, ಮುದ್ದೆ ಅಂತ ಹೇಳೋದು ನಾವು ಮೈಸೂರಿಗೆ ಬಂದೋರು, ಊರಲ್ಲಿ ಹಿಟ್ಟು ಅಂತಾನೇ ಅನ್ನೋದು. ಎಸರು ಕುದಿಯೋವರೆಗೂ ಕಾಯ್ಬೇಕು, ರಾಗಿ ಹಿಟ್ಟು ಗುಡ್ಡೆ ಥರ ಹಾಕಿ ಕೋಲಲ್ಲಿ ನಡುವೆ ತೂತು ಮಾಡಿ ಬೇಯೋಕ್ ಬಿಡ್ಬೇಕು, ಆಮೇಲೆ ಪಾತ್ರೆ ಅಲ್ಲಾಡದಂಗೆ ಕವೆಗೋಲಲ್ಲಿ ಒತ್ತಿ ಹಿಡ್ಕೊಂಡು ತೊಳಸ್ಬೇಕು. ಎಡಗೈ ಸ್ಟಿಕ್ ಕವೆಗೋಲು, ಬಲಗೈ ಸ್ಟಿಕ್ ಹಿಟ್ಟಿನ ಕೋಲು. ಎಡಗೈ ಸಡಿಲ ಆದ್ರೆ ಪಾತ್ರೆ ಒಲೆಯಿಂದ ಉರುಳುತ್ತೆ, ಬಲಗೈ ನಿಧಾನ ಆದ್ರೆ ಗಂಟು. ಅಜ್ಜಿ ತೊಳಸೋವಾಗ ಕೋಲು ಸಲೀಸಾಗಿ ತಿರುಗ್ಬೇಕು, ಅದೇ ಮೊದಲ್ನೇ ಸಲ ಎಂಟು ವರ್ಷದ ಮೊಮ್ಮಗಳ ಕೈಗೆ ಕೊಟ್ಟಾಗ ಸ್ಟಿಕ್ಕು ಭಾರ ಆಗಿ ತಿರುಗಲ್ಲ ಅನ್ಬೇಕು. ಮೂವತ್ತು ವರ್ಷ ಬಿಟ್ಟು ಅಜ್ಜಿ ಕೈ ನಡುಗೋ ಕಾಲಕ್ಕೆ ಮತ್ತೆ ಅಜ್ಜಿಯಾಗೇ ಆಡಿಸ್ಬೇಕು. ಒಂದ್ ಡೈಲಾಗೂ ಬೇಡ. ಉಪ್ಸಾರು ಖಾರಕ್ಕೆ ಮಾತ್ರ ಅಳತೆ ಕೊಡ್ಲೇಬಾರ್ದು, ಯಾಕಂದ್ರೆ ನಮ್ಮಜ್ಜಿ ಯಾವತ್ತೂ ಕೊಟ್ಟಿಲ್ಲ, ಎಷ್ಟು ಮೆಣಸಿನಕಾಯಿ ಅಂದ್ರೆ ಬೇಕಾದಷ್ಟು, ಎಷ್ಟು ಬೆಳ್ಳುಳ್ಳಿ ಅಂದ್ರೆ ಒಂದೀಟು. ವೆನ್ಬಾ ಅವರಮ್ಮನ ಪುಸ್ತಕ ಅರ್ಧ ಆದ್ರೂ ಉಳ್ದಿತ್ತು, ನಮ್ಮನೇಲಿ ಬರ್ದಿರೋದೇ ಇಲ್ಲ.

ತಗೊಳೋದಾದ್ರೆ ಸೇಲಿಗೆ ಕಾದು ತಗೊಳ್ಳಿ. ಪಿಸಿ, ಸ್ವಿಚ್ಚು, ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಎಲ್ಲದ್ರಲ್ಲೂ ಇದೆ, ಗ್ರಾಫಿಕ್ಸ್ ಕಾರ್ಡ್ ಏನೂ ಬೇಕಿಲ್ಲ, ನನ್ ಹಳೇ ಆಫೀಸ್ ಲ್ಯಾಪ್‌ಟಾಪಲ್ಲೇ ಓಡ್ತು. ಪಿಸಿ ಆದ್ರೆ ಮೌಸಲ್ಲೇ ಆಡಿ, ಕಂಟ್ರೋಲರ್ ಬೇಡ, ಹಿಟ್ಟು ಹುಯ್ಯೋದು ಮೌಸಲ್ಲೇ ಚೆಂದ. ಖಾಲಿ ಹೊಟ್ಟೇಲಿ ಆಡ್ಬೇಡಿ. ಒಬ್ರೇ ಆಡ್ಬೇಡಿ ಅಂತ ಹೇಳಲ್ಲ, ಆದ್ರೆ ಮನೇಲಿ ಅಡುಗೆ ಮಾಡೋರು ಪಕ್ಕದಲ್ಲಿದ್ರೆ ಒಗಟು ಬೇಗ ಬಿಡುತ್ತೆ. 5ಕ್ಕೆ 4 ಕೊಡ್ತೀನಿ, ಒಂದು ಕಿತ್ಕೊಂಡಿದ್ದು ಪಾವಲನ್ ವಿಷ್ಯಕ್ಕೆ.

ಕೊನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ಹತ್ತೂವರೆ ಆಗಿತ್ತು, ಅಮ್ಮ ನಿದ್ದೆ ಬರ್ತದೆ ಅಂತ ಎದ್ದೋದ್ರು, ನಾನೊಬ್ನೇ ಮುಗಿಸ್ದೆ. ಬೆಳಗ್ಗೆ ಕಾಫಿ ಕೊಡೋವಾಗ "ಆ ಹುಡ್ಗ ಅಡ್ಗೆ ಕಲ್ತ್ನಾ?" ಅಂತ ಕೇಳಿದ್ರು. ನೀನೇ ಆಡಿ ನೋಡು, ಅಲ್ಲಿಗೇ ನಿಲ್ಸಿಟ್ಟಿದೀನಿ ಅಂದೆ, ಸುಳ್ಳು, ಸೇವ್ ಹಿಂದಕ್ಕೆ ಹಾಕ್ಬೇಕಿತ್ತು. "ಸಂಜೆ ನೋಡನ, ಈಗ ನೀರ್ ಬಿಡೋ ಟೈಮು" ಅಂತ ಸಂಪ್ ಕಡೆ ಹೋದ್ರು.